ಹೆಸರಿಗೆ ದೆವ್ವ, ಹೆರುವುದು ಒಂದೇ ಮರಿ

2021ರ ಅಕ್ಟೋಬರ್‌ನಲ್ಲಿ ಮಲ್ಪೆ ಮೀನುಗಾರರ ಬಲೆಗೆ ಎರಡು ಬೃಹತ್ ತೊರಕೆ ಮೀನುಗಳು ಬಿದ್ದ ಸುದ್ದಿ ದೇಶದಾದ್ಯಂತ ಹರಡಿತ್ತು. ಒಂದರ ತೂಕ 750 ಕಿಲೋ, ಇನ್ನೊಂದರದು 250 ಕಿಲೋ. ಪತ್ರಿಕೆಗಳು ಅವುಗಳನ್ನು ‘ಮಾಂಟಾ’ ಎಂದು ಕರೆದವು. ಇವುಗಳ ಹತ್ತಿರದ ಬಂಧುಗಳಿಗೆ ಇಂಗ್ಲಿಷಿನಲ್ಲಿ ‘ಡೆವಿಲ್ ರೇ’, ಅಂದರೆ ದೆವ್ವ ತೊರಕೆ ಎಂಬ ಹೆಸರಿದೆ.

ಈ ಹೆಸರಿಗೆ ಕಾರಣ ತಲೆಯ ಇಕ್ಕೆಲಗಳಲ್ಲಿ ಮುಂಚಾಚಿದ ಎರಡು ಮಾಂಸಲ ಪಟ್ಟಿಗಳು. ಈಜುವಾಗ ಅವು ಸುರುಳಿ ಸುತ್ತಿಕೊಂಡು ಕೊಂಬಿನಂತೆ ಕಾಣುತ್ತವೆ. ಆಹಾರ ಸಿಕ್ಕಾಗ ಬಿಚ್ಚಿಕೊಂಡು ನೀರನ್ನು ಬಾಯಿಯತ್ತ ತಿರುಗಿಸುತ್ತವೆ. ಆ ಆಹಾರವಾದರೂ ಏನು? ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಪ್ಲವಕ ಜೀವಿಗಳು ಹಾಗೂ ಪುಟ್ಟ ಮೀನುಗಳು! ಹೆಚ್ಚಿನ ತೊರಕೆಗಳು ಕಡಲ ತಳದಲ್ಲಿ ಮಲಗಿ ಏಡಿ, ಚಿಪ್ಪುಗಳನ್ನು ಅರೆದು ತಿಂದರೆ, ಈ ಕುಟುಂಬ ತಳವನ್ನೇ ತೊರೆದು ತೆರೆದ ಸಮುದ್ರದಲ್ಲಿ ರೆಕ್ಕೆ ಬಡಿಯುತ್ತದೆ.

ಹಿಂದೆ ಮಾಂಟಾ ಹಾಗೂ ದೆವ್ವ ತೊರಕೆಗಳನ್ನು ಎರಡು ಕುಲಗಳೆಂದು ಪರಿಗಣಿಸಲಾಗಿತ್ತು. ಮಾಂಟಾದ ಬಾಯಿ ತಲೆಯ ಮುಂತುದಿಯಲ್ಲಿದ್ದರೆ, ದೆವ್ವ ತೊರಕೆಗಳದ್ದು ತುಸು ಕೆಳಭಾಗದಲ್ಲಿದೆ. ಆದರೆ 2017ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಮಾಂಟಾ ಕೂಡ ದೆವ್ವ ತೊರಕೆಗಳದೇ ಒಂದು ಕವಲು ಎಂದು ತೋರಿಸಿತು. ಈಗ ಎಲ್ಲವೂ ‘ಮೊಬುಲಾ’ ಕುಲದೊಳಗಿವೆ. ಏಳು ಮೀಟರ್‌ವರೆಗೆ ರೆಕ್ಕೆ ಹರಡುವ ದೈತ್ಯ ಮಾಂಟಾ ಇವುಗಳಲ್ಲಿ ದೊಡ್ಡದು. ಮೀಟರಿನ ಆಸುಪಾಸಿನ ಕುಳ್ಳ ಜಾತಿಗಳೂ ಇವೆ.

ಅಚ್ಚರಿಯ ಸಂಗತಿ ಇನ್ನೊಂದಿದೆ. ಬಿಸಿಲಿಗೆ ಮೇಲ್ಪದರದಲ್ಲಿ ತೇಲುವ ಈ ಮೀನಿನ ಮಿದುಳಿನ ಸುತ್ತ ಶಾಖ ಉಳಿಸುವ ರಕ್ತನಾಳಗಳ ಜಾಲವೇಕೆ ಎಂಬುದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು. ಅಟ್ಲಾಂಟಿಕ್‌ನ ಅಝೋರ್ಸ್ ದ್ವೀಪಗಳ ಬಳಿ ಚಿಲಿ ದೆವ್ವ ತೊರಕೆಗಳಿಗೆ ಉಪಗ್ರಹ ಪಟ್ಟಿ ಅಂಟಿಸಿದಾಗ ಉತ್ತರ ದೊರೆಯಿತು. ಅವು ಸುಮಾರು 1,900 ಮೀಟರ್ ಆಳಕ್ಕೆ, ನಾಲ್ಕು ಡಿಗ್ರಿಗಿಂತ ತಣ್ಣನೆಯ ನೀರಿಗೆ ಧುಮುಕುತ್ತಿದ್ದವು. 2014ರಲ್ಲಿ ಈ ವಿವರ ಪ್ರಕಟವಾಯಿತು.

ಇಷ್ಟೆಲ್ಲ ಸಾಮರ್ಥ್ಯವಿದ್ದರೂ ಸಂತಾನ ಮಾತ್ರ ವಿರಳ. ಸುಮಾರು ಒಂದು ವರ್ಷ ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಸಾವಿರಗಟ್ಟಲೆ ಮೊಟ್ಟೆಯಿಡುವ ಬಂಗುಡೆ, ಬೂತಾಯಿಯ ಲೆಕ್ಕಾಚಾರ ಇಲ್ಲಿ ನಡೆಯದು. ಒಣಗಿಸಿದ ಕಿವಿರು ಫಲಕಗಳಿಗೆ ಚೀನಾದ ಔಷಧ ಮಾರುಕಟ್ಟೆಯಲ್ಲಿ ಬೇಡಿಕೆ ಕುದುರಿದ ಬಳಿಕ ಸಂಖ್ಯೆ ಕುಸಿಯಿತು. ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ‘ಸೈಟಿಸ್’ 2013ರಲ್ಲಿ ಮಾಂಟಾಗಳನ್ನು, 2016ರಲ್ಲಿ ಉಳಿದವನ್ನು ನಿಯಂತ್ರಣಕ್ಕೆ ತಂದಿತು. 2025ರಲ್ಲಿ ಇಡೀ ಕುಟುಂಬವನ್ನು ವಾಣಿಜ್ಯ ವಹಿವಾಟಿಗೆ ಅವಕಾಶವಿಲ್ಲದ ಒಂದನೇ ಅನುಬಂಧಕ್ಕೆ ಸೇರಿಸಲು ಸದಸ್ಯ ರಾಷ್ಟ್ರಗಳು ಒಪ್ಪಿದವು.

ಆದರೆ ಬಲೆಗೆ ಒಪ್ಪಂದ ತಿಳಿಯದು. ಕೇದರ, ಸುರಮಾಯಿಗೆಂದು ಬಿಟ್ಟ ಬಲೆಗೂ ಇವು ಸಿಲುಕುತ್ತವೆ. ಕಿವಿರಿನ ಮೂಲಕ ನೀರು ಹರಿದು ಉಸಿರಾಡಲು ಇವು ಸದಾ ಈಜುತ್ತಿರಲೇಬೇಕು. ಬಲೆಯಲ್ಲಿ ಚಲನೆ ನಿಂತರೆ, ದೋಣಿಗೆ ಎಳೆಯುವ ಮೊದಲೇ ಉಸಿರು ಕಟ್ಟುತ್ತದೆ.