ತುಕ್ಕು ಹಿಡಿದ ಫಟಫಟಿಗೆ ಜೀರ್ಣೋದ್ಧಾರವೋ, ರೂಪಾಂತರವೋ?

ಆಳಂದದ ಹಳೆಯ ಓಣಿಯ ಯಾವುದೋ ವಾಡೆಯ ಮೂಲೆಯಲ್ಲಿ, ಅಫಜಲಪುರದ ಒಕ್ಕಲುತನದ ಮನೆಯ ಕೊಟ್ಟಿಗೆಯಲ್ಲಿ, ಜೇವರ್ಗಿಯ ಅಂಗಡಿಯೊಂದರ ಹಿತ್ತಿಲಿನಲ್ಲಿ, ತೊಗರಿ ಚೀಲಗಳ ಸಂದಿಯಲ್ಲೋ ಹರಿದ ತಾಡಪತ್ರಿಯ ಅಡಿಯಲ್ಲೋ ಒಂದು ಹಳೆಯ ಮೋಟಾರು ಸೈಕಲ್ಲು ನಿಂತಿರುವುದನ್ನು ನೀವು ಕಂಡಿರಬಹುದು. ನಮ್ಮ ಕಡೆಯ ಜನ ಅದನ್ನು ಅಕ್ಕರೆಯಿಂದ ‘ಫಟಫಟಿ’ ಎನ್ನುತ್ತಾರೆ. ಒಂದು ಕಾಲಕ್ಕೆ ಅದು ಮನೆಯ ಯಜಮಾನರ ಗತ್ತು. ಈಗ ಕೋಳಿಗಳು ಕೂಡುವ ತಾಣ.

ಇಂಥ ಗಾಡಿಯ ವಿಷಯ ಬಂದಾಗ ಮನೆಯಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ‘ಗುಜರಿಯವನಿಗೆ ಕೊಟ್ಟು ಜಾಗ ಖಾಲಿ ಮಾಡ್ರಿ’ ಎನ್ನುವವರು ಒಬ್ಬರು. ‘ಅಪ್ಪಾಜಿ ಓಡಿಸುವಾಗ ಹ್ಯಾಂಗಿತ್ತೋ ಹಾಂಗೇ ಆಗಬೇಕು’ ಎನ್ನುವವರು ಇನ್ನೊಬ್ಬರು. ‘ಹಿಂದಿನ ಭಾಗ ಕತ್ತರಿಸಿ, ಸಣ್ಣ ಸೀಟು ಕೂಡಿಸಿ, ಹೊಸ ನಮೂನೆ ಮಾಡಿಸೋಣ’ ಎನ್ನುವ ಕಾಲೇಜು ಹುಡುಗ ಮೂರನೆಯವನು. ಹಳೆಯ ರೂಪವನ್ನೇ ಮರಳಿ ತರುವುದನ್ನು ನಾವಿಲ್ಲಿ ಜೀರ್ಣೋದ್ಧಾರವೆಂದೂ, ಮನಸ್ಸಿಗೆ ಬಂದಂತೆ ಬದಲಿಸುವುದನ್ನು ರೂಪಾಂತರವೆಂದೂ ಕರೆಯೋಣ. ಯಾವುದನ್ನು ಆರಿಸಬೇಕೆಂಬುದು ಕೇವಲ ರುಚಿಯ ಪ್ರಶ್ನೆಯಲ್ಲ. ಕಬ್ಬಿಣದ ಸ್ಥಿತಿ, ಕಾಗದಪತ್ರ, ಕಾನೂನು, ಸವಾರಿಯ ಉದ್ದೇಶ, ಇವೆಲ್ಲವೂ ಅದರಲ್ಲಿ ಸೇರಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲು, ನಿಮ್ಮ ಮುಂದಿರುವ ಗಾಡಿ ಯಾವುದು? ಮದ್ರಾಸಿನಲ್ಲಿ ೧೯೫೫ರಿಂದ ತಯಾರಾದ ಎನ್‌ಫೀಲ್ಡ್ ಬುಲೆಟ್ ಇರಬಹುದು. ಎಸ್ಕಾರ್ಟ್ಸ್ ಸಂಸ್ಥೆಯ ರಾಜದೂತ್ ಇರಬಹುದು. ಆದರೆ ಕನ್ನಡ ನಾಡಿನದೇ ಎನ್ನಬಹುದಾದ ಗಾಡಿ ಜಾವಾ. ಜೆಕ್ ದೇಶದ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಗಾಡಿಯ ನಮೂನೆಯನ್ನು ಪಡೆದು ೧೯೨೯ರಲ್ಲಿ ಆರಂಭಿಸಿದ ಉದ್ಯಮವಿದು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ಫರೋಖ್ ಇರಾನಿಯವರ ಐಡಿಯಲ್ ಜಾವಾ ಸಂಸ್ಥೆ ೧೯೬೦ರಲ್ಲಿ ಸ್ಥಾಪನೆಯಾಗಿ, ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಿಂದ ಗಾಡಿಗಳನ್ನು ತಯಾರಿಸಿತು. ೧೯೭೦ರ ದಶಕದ ಮೊದಲ ಭಾಗದಲ್ಲಿ ಹೆಸರು ‘ಯೆಜ್ದಿ’ ಎಂದಾಯಿತು. ೧೯೭೮ರಲ್ಲಿ ರೋಡ್‌ಕಿಂಗ್ ಬಂತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸನ್ನೆಕೋಲನ್ನು ಕಿಕ್ಕಿಗೂ ಗೇರಿಗೂ ಬಳಸುವ ಅದರ ವಿಚಿತ್ರ ಏರ್ಪಾಡನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ದಿ ಎಂಬ ಹೆಸರು ೨೦೨೨ರಲ್ಲಿಯೂ ಪೇಟೆಗೆ ಮರಳಿದವು. ಆದರೆ ಅವು ಬೇರೆ ಎಂಜಿನಿನ ಹೊಸ ಗಾಡಿಗಳು. ಅವುಗಳ ಬಿಡಿಭಾಗ ನಿಮ್ಮ ಹಳೆಯದಕ್ಕೆ ಕೂಡುವುದಿಲ್ಲ.

ಇನ್ನು ಪಾನಾ ಕೈಗೆತ್ತಿಕೊಳ್ಳುವ ಮೊದಲು ಟ್ರಂಕು ತೆರೆಯಿರಿ. ಆರ್.ಸಿ. ಪುಸ್ತಕ ಇದೆಯೆ? ಅದರಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಹೊಂದುತ್ತವೆಯೆ? ಸಂಖ್ಯೆಯನ್ನು ಓದಲು ಗೀರಬೇಡಿ, ಅರ ಹಾಕಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರಸಿರಿ. ಪುಸ್ತಕ ಕಳೆದಿದ್ದರೆ ೨೬ನೆಯ ನಮೂನೆಯಲ್ಲಿ ನಕಲಿಗೆ ಅರ್ಜಿ ಕೊಡಬೇಕು. ಗಾಡಿ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ೩೧ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿಗೆ ೧೫ ವರ್ಷ ಆಯುಷ್ಯ. ಆಮೇಲೆ ೫ ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕು. ಕಾಗದವೇ ಇಲ್ಲದ ಗಾಡಿಗೆ ಎಷ್ಟು ಹಣ ಸುರಿದರೂ ಅದು ಅಂಗಳ ದಾಟಲಾರದು. ಆದುದರಿಂದ ಮಿಸ್ತ್ರಿಯ ಮನೆಗಿಂತ ಮುಂಚೆ ಕಲಬುರಗಿಯ ಸಾರಿಗೆ ಕಚೇರಿಗೆ ಒಮ್ಮೆ ಹೋಗಿಬರುವುದು ಜಾಣತನ.

ಎರಡನೆಯದು ತುಕ್ಕು, ನಮ್ಮ ಜನ ಹೇಳುವ ಜಂಗು. ಕಬ್ಬಿಣಕ್ಕೆ ಗಾಳಿಯ ಆಮ್ಲಜನಕವೂ ನೀರೂ ಕೂಡಿ ಸಿಕ್ಕಾಗ ಜಂಗು ಹುಟ್ಟುತ್ತದೆ. ಉಪ್ಪಿನ ಅಂಶ ಅದನ್ನು ತ್ವರೆಗೊಳಿಸುತ್ತದೆ. ಜಂಗು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಹಪ್ಪಳದಂತೆ ಏಳುತ್ತದೆ. ಕೆಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ಬೀಳುತ್ತದೆ. ನಮ್ಮ ಸೀಮೆಯ ಬಿಸಿಲು ಒಣ ಬಿಸಿಲು. ಕರಾವಳಿಯಷ್ಟು ಬೇಗ ಇಲ್ಲಿ ಕಬ್ಬಿಣ ಕೆಡುವುದಿಲ್ಲ. ಆದರೆ ನಮಗೆ ಬೇರೆ ಇಬ್ಬರು ವೈರಿಗಳುಂಟು. ಒಂದು, ಎರೆಮಣ್ಣು. ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಮೆತ್ತಿದ ಈ ಮಣ್ಣು ವಾರಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಇನ್ನೊಂದು, ರಸಗೊಬ್ಬರದ ಚೀಲ. ಗೊಬ್ಬರದ ಲವಣಗಳು ಗಾಳಿಯ ತೇವವನ್ನು ಎಳೆದುಕೊಂಡು ಪಕ್ಕದ ಕಬ್ಬಿಣವನ್ನು ತಿನ್ನುತ್ತವೆ. ಕೊಟ್ಟಿಗೆಯ ಗಂಜಲದ ಹವೆ ಕಾರ್ಬುರೇಟರಿನ ಹಿತ್ತಾಳೆಗೂ ಒಳ್ಳೆಯದಲ್ಲ.

ಜಂಗು ಮೇಲಿನದೋ ಒಳಗಿನದೋ ಎಂದು ತಿಳಿಯುವುದು ಸುಲಭ. ಸಣ್ಣ ಸುತ್ತಿಗೆಯಿಂದ ಚೌಕಟ್ಟನ್ನು ಉದ್ದಕ್ಕೂ ತಟ್ಟಿ ನೋಡಿ. ಗಂಟೆಯಂತೆ ‘ಠಣ್’ ಎಂದರೆ ಗಟ್ಟಿ. ಒಡೆದ ಗಡಿಗೆಯಂತೆ ‘ಬದ್’ ಎಂದರೆ ಅನುಮಾನ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿರಿ. ಪುಡಿ ಮಾತ್ರ ಉದುರಿದರೆ ಚಿಂತೆಯಿಲ್ಲ, ತುದಿ ಒಳಹೊಕ್ಕರೆ ಅಲ್ಲಿ ಕಬ್ಬಿಣವೇ ಉಳಿದಿಲ್ಲ. ಮಡ್‌ಗಾರ್ಡು ತೂತಾಗಿದ್ದರೆ ತೇಪೆ ಹಾಕಬಹುದು. ಚಾಲಕನ ಕೈಹಿಡಿಯ ಕೆಳಗಿನ ಕತ್ತಿನ ಭಾಗ, ಹಿಂದಿನ ಗಾಲಿಯ ತೋಳು, ಇವು ತೂತಾಗಿದ್ದರೆ ಬಣ್ಣ ಬಳಿದು ಮುಚ್ಚುವುದು ಸವಾರನ ಪ್ರಾಣದೊಡನೆ ಆಡುವ ಆಟ.

ಪೆಟ್ರೋಲ್ ಟಾಕಿಯ ಒಳಜಂಗಿಗೆ ನಿಂಬೆ ಉಪ್ಪನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ ಒಂದು ದಿನ ತುಂಬಿಡುವುದುಂಟು. ಹುಣಸೆಹಣ್ಣಿನಿಂದ ತಾಮ್ರದ ಹಂಡೆಯನ್ನು ಬೆಳಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುವುದು. ಆಮೇಲೆ ಅಡಿಗೆ ಸೋಡಾದ ನೀರಿನಿಂದ ತೊಳೆದು ಕೂಡಲೆ ಒಣಗಿಸದಿದ್ದರೆ ಮರುದಿನವೇ ಹೊಸ ಜಂಗು ಏಳುತ್ತದೆ. ಒಂದು ಎಚ್ಚರಿಕೆ: ಖಾಲಿ ಟಾಕಿಯೆಂದು ನೇರವಾಗಿ ವೆಲ್ಡಿಂಗಿಗೆ ಕೊಡಬೇಡಿ. ತುಂಬಿದ ಟಾಕಿಗಿಂತ ಪೆಟ್ರೋಲಿನ ಆವಿ ತುಂಬಿದ ಖಾಲಿ ಟಾಕಿ ಹೆಚ್ಚು ಅಪಾಯದ್ದು.

ಮೂರನೆಯದು ಎಂಜಿನ್. ಬಹುಕಾಲ ನಿಂತ ಗಾಡಿಯ ಕಿಕ್ಕನ್ನು ಎಂದೂ ಬಲವಂತವಾಗಿ ತುಳಿಯಬಾರದು. ಪ್ಲಗ್ಗನ್ನು ಬಿಚ್ಚಿ, ಆ ತೂತಿನಿಂದ ಎಂಜಿನ್ ಆಯಿಲ್ಲನ್ನೂ ಡೀಸೆಲ್ಲನ್ನೂ ಬೆರೆಸಿ ಸ್ವಲ್ಪ ಹುಯ್ದು ಕೆಲವು ದಿನ ಬಿಡಿ. ಆಮೇಲೆ ಮೇಲಿನ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸಿ. ಜಾವಾದಂಥ ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಆಹಾರ. ವರ್ಷಗಟ್ಟಲೆ ನಿಂತಾಗ ಎಂಜಿನಿನ ಎರಡು ಬದಿಯ ರಬ್ಬರಿನ ಸೀಲುಗಳು ಒಣಗಿ ಗಾಳಿ ಬಿಡುತ್ತವೆ. ಆಗ ಪೆಟ್ರೋಲಿನ ಅಂಶ ಕಡಿಮೆಯಾಗಿ, ಎಂಜಿನ್ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದುದರಿಂದ ಮೊದಲ ಸಲ ಸದ್ದು ಕೇಳಿದ ಸಂತೋಷದಲ್ಲಿ ನೇರವಾಗಿ ಕಲಬುರಗಿಗೆ ಹೊರಡದೆ ಸೀಲುಗಳನ್ನು ಬದಲಿಸಿಕೊಳ್ಳಿ. ೬೫ ಮಿಲಿಮೀಟರ್ ವ್ಯಾಸದ ಸಿಲಿಂಡರನ್ನು ಹಿಂದೆ ಎಷ್ಟು ಸಲ ಬೋರ್ ಮಾಡಿಸಿದ್ದಾರೆಂದು ಅಳೆಸಿರಿ. ಮಿತಿ ಮೀರಿದ್ದರೆ ಒಳಗೆ ಹೊಸ ಸ್ಲೀವ್ ಕೂಡಿಸಬೇಕಾದೀತು. ಹಳೆಯ ರಬ್ಬರಿನ ಕೊಳವೆಗಳನ್ನೂ ತೆಗೆದುಹಾಕಿ. ಈಗಿನ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ; ತೇವವನ್ನು ಎಳೆದುಕೊಳ್ಳುವ ಗುಣವೂ ಅದಕ್ಕುಂಟು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟಾಕಿಯನ್ನು ಬರಿದು ಮಾಡಿಡುವುದು ಲೇಸು.

ಇಷ್ಟು ತಪಾಸಣೆಯಾದ ಮೇಲೆ ಮೂಲ ಪ್ರಶ್ನೆಗೆ ಬರೋಣ.

ಭಾಗಗಳೆಲ್ಲ ಇದ್ದು, ಸಂಖ್ಯೆಗಳು ಹೊಂದಿ, ಚೌಕಟ್ಟು ಗಟ್ಟಿಯಿದ್ದರೆ ಜೀರ್ಣೋದ್ಧಾರಕ್ಕೆ ಬಲವಾದ ಕಾರಣವುಂಟು. ಕಾನೂನೂ ಅದರ ಪಕ್ಷದಲ್ಲಿದೆ. ೨೦೨೧ರ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ, ಚೌಕಟ್ಟನ್ನಾಗಲಿ ಎಂಜಿನ್ನನ್ನಾಗಲಿ ಮಾರ್ಪಡಿಸದೆ ಮೂಲರೂಪದಲ್ಲಿ ಉಳಿಸಿಕೊಂಡ ವಾಹನ ‘ವಿಂಟೇಜ್’ ಎನಿಸಿಕೊಳ್ಳಬಹುದು. ಹೊಸದಾಗಿ ಹಾಗೆ ನೋಂದಾಯಿಸಲು ೨೦,೦೦೦ ರೂಪಾಯಿ ಶುಲ್ಕ, ೧೦ ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನವೂ ಹೊಲಕ್ಕೆ ಹೋಗಲು ಅಲ್ಲ. ಮೈಸೂರಿನಲ್ಲಿ ಜಾವಾ ಹೆಸರಿನಿಂದ ತಯಾರಾದ ಗಾಡಿಗಳಿಗೆ ಈ ವಯಸ್ಸು ಆಗಿದೆ. ಇಂದು ಅದರ ಹಿಂಭಾಗವನ್ನು ಕತ್ತರಿಸಿದವರು ಈ ಮನ್ನಣೆಯನ್ನೂ ಕತ್ತರಿಸಿಕೊಂಡಂತೆಯೇ.

ಜೀರ್ಣೋದ್ಧಾರದಲ್ಲಿಯೂ ಅತಿರೇಕ ಉಂಟು. ಕಲ್ಲಿನ ಗುಡಿಗೆ ಎಣ್ಣೆಬಣ್ಣ ಬಳಿದು, ಶಾಸನದ ಮೇಲೆ ಸುಣ್ಣ ಹಚ್ಚಿ ‘ಉದ್ಧಾರ’ ಮಾಡಿದವರನ್ನು ನಾವು ಕಂಡಿಲ್ಲವೆ? ಕಾರ್ಖಾನೆಯಲ್ಲಿ ಹಚ್ಚಿದ ಮೊದಲ ಬಣ್ಣ ಒಂದೇ ಸಲ ಇರುವಂಥದು. ಅದು ಮಾಸಿದ್ದರೂ ಮುಕ್ಕಾಲುಭಾಗ ಉಳಿದಿದ್ದರೆ ತೊಳೆದು, ಮೇಣ ತಿಕ್ಕಿ, ಹಾಗೇ ಬಿಡುವುದು ಹೊಸ ಬಣ್ಣಕ್ಕಿಂತ ಮೇಲು. ಸೀಟಿನ ಬಳಿ ನಿಮ್ಮ ತಂದೆಯವರ ಮೊಣಕಾಲು ತಾಗಿ ಸವೆದ ಗುರುತನ್ನು ಯಾವ ಪೇಂಟರನೂ ಮತ್ತೆ ಬರೆದುಕೊಡಲಾರ.

ರೂಪಾಂತರವೆಂದೊಡನೆ ಮೂಗು ಮುರಿಯುವ ಕಾರಣವೂ ಇಲ್ಲ. ಹಾಲಿನ ಕ್ಯಾನು ತೂಗಲು ಕೊಂಡಿ, ಚೀಲ ಕಟ್ಟಲು ಕ್ಯಾರಿಯರ್ ಹಾಕಿಸಿಕೊಂಡ ನಮ್ಮ ರೈತರು ಬಹುಕಾಲದಿಂದಲೂ ರೂಪಾಂತರ ಮಾಡಿದವರೇ. ಟಾಕಿ, ಸೀಟು, ಮಡ್‌ಗಾರ್ಡು ಎಲ್ಲ ಹೋಗಿ ಅಸ್ಥಿಪಂಜರ ಮಾತ್ರ ಉಳಿದಿದ್ದರೆ ಮೂಲ ಭಾಗಗಳನ್ನು ಊರೂರು ಹುಡುಕುವುದಕ್ಕಿಂತ ಸಿಕ್ಕ ಭಾಗಗಳಿಂದ ಗಾಡಿಯನ್ನು ಎಬ್ಬಿಸುವುದೇ ವಿವೇಕ. ಆದರೆ ಮಿತಿ ತಿಳಿದಿರಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿ ಆರ್.ಸಿ.ಯಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಇಂಥ ಪ್ರತಿಯೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡವನ್ನು, ಇಲ್ಲವೆ ೬ ತಿಂಗಳವರೆಗಿನ ಸೆರೆಯನ್ನು, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಬೇರೆ ಎಂಜಿನ್ ಕೂಡಿಸುವುದಕ್ಕೂ ಅನುಮತಿ ಬೇಕು. ಬಣ್ಣ ಬದಲಿಸಿದರೂ ಪುಸ್ತಕದಲ್ಲಿ ತಿದ್ದಿಸಿಕೊಳ್ಳುವುದು ಕ್ಷೇಮ.

ಕಾನೂನಿಗಿಂತ ಹತ್ತಿರದ ಮಾತೊಂದಿದೆ. ಚಿತ್ರದಲ್ಲಿ ಚೆಂದ ಕಾಣುವ ಆ ಬೋಳು ಗಾಡಿಯ ಹಿಂದೆ ಯಾರು ಕೂಡುವರು? ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಭಾಗವಾದರೂ ಮುಚ್ಚಿರಬೇಕು, ಹಿಡಿಯಲು ಹಿಡಿಕೆ, ಇಡಲು ಕಾಲ್ಮೆಟ್ಟು ಇರಬೇಕು ಎಂಬ ನಿಯಮವುಂಟು. ಇಳಕಲ್ ಸೀರೆಯುಟ್ಟ ತಾಯಿಯನ್ನು ಗಾಣಗಾಪುರದ ದರ್ಶನಕ್ಕೆ ಕರೆದೊಯ್ಯುವ ಮಗ ಆ ಜಾಲರಿಯನ್ನು ‘ಚೆಂದಕ್ಕಾಗಿ’ ಕಿತ್ತೊಗೆದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಮಡ್‌ಗಾರ್ಡಿಲ್ಲದ ಗಾಡಿ ಭೀಮಾ ತೀರದ ಎರೆನೆಲದಲ್ಲಿ ಒಂದು ಮಳೆಗೇ ಸವಾರನ ಬೆನ್ನನ್ನು ಗದ್ದೆ ಮಾಡೀತು.

ಇವೆರಡರ ನಡುವೆ ಒಂದು ಮಧ್ಯಮಾರ್ಗವಿದೆ: ಬಿಚ್ಚಿ ಮರಳಿ ಹಾಕಬಹುದಾದುದನ್ನು ಬದಲಿಸಿ, ಕತ್ತರಿಸಿ ಬೆಸೆಯುವಂಥದನ್ನು ಮುಟ್ಟಬೇಡಿ. ೬ ವೋಲ್ಟಿನ ಮಂಕು ದೀಪದ ಬದಲು ೧೨ ವೋಲ್ಟಿನ ಏರ್ಪಾಡು, ಒಳ್ಳೆಯ ಟೈರು, ಹೊಸ ಬ್ರೇಕ್ ಷೂ, ಮೆತ್ತನೆಯ ಸೀಟು, ಇವು ಸವಾರಿಗೆ ಸುಖ, ರಾತ್ರಿಯ ಹೊತ್ತಿನಲ್ಲಿ ಆಳಂದದಿಂದ ಕಲಬುರಗಿಯ ಸುಮಾರು ೪೦ ಕಿಲೋಮೀಟರಿಗೆ ಭದ್ರತೆ. ತೆಗೆದ ಹಳೆಯ ಭಾಗಗಳಿಗೆ ಗ್ರೀಸ್ ಸವರಿ, ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ. ಮುಂದಿನವರು ಬೇಕೆಂದರೆ ಮೂಲರೂಪಕ್ಕೆ ಮರಳುವ ದಾರಿ ತೆರೆದಿರುತ್ತದೆ.

ಖರ್ಚನ್ನು ಮಾತ್ರ ಕ್ರಮವಾಗಿ ಮಾಡಿ. ಮೊದಲು ಕಾಗದ, ಆಮೇಲೆ ಬ್ರೇಕು, ಟೈರು, ಚೌಕಟ್ಟು. ಅನಂತರ ಎಂಜಿನ್, ತಂತಿ. ಬಣ್ಣ, ಹೊಳಪು ಕೊನೆಗೆ. ಬಹಳ ಮಂದಿ ಇದನ್ನು ತಿರುವುಮುರುವು ಮಾಡಿ, ಬಣ್ಣಕ್ಕೆ ಹಣ ಮುಗಿಸಿ, ಥಳಥಳಿಸುವ ಗಾಡಿಯನ್ನು ಮತ್ತೆ ಅದೇ ಕೊಟ್ಟಿಗೆಗೆ ನೂಕುತ್ತಾರೆ. ಬಿಚ್ಚುವ ಮೊದಲು ಪ್ರತಿ ಭಾಗದ ಚಿತ್ರ ತೆಗೆದಿಡಿ; ಬಿಚ್ಚಿದವನೇ ಜೋಡಿಸುವವನಾಗಿರುವುದಿಲ್ಲ.

ಇನ್ನು ತೀರ್ಮಾನ ನಿಮ್ಮದು. ಆದರೆ ಗುಜರಿಯವನಿಗಾಗಲಿ ಕತ್ತರಿಸುವವನಿಗಾಗಲಿ ಮುಂಗಡ ಕೊಡುವ ಮುನ್ನ, ಒಂದು ಭಾನುವಾರ ಮನೆಯವರೆಲ್ಲ ಸೇರಿ ಆ ಗಾಡಿಯನ್ನು ಬೆಳಕಿಗೆ ತಂದು ತೊಳೆಯಿರಿ. ಎರೆಮಣ್ಣಿನ ಅಡಿಯಲ್ಲಿ ಏನು ಉಳಿದಿದೆಯೆಂದು ಕಣ್ಣಾರೆ ಕಂಡ ಮೇಲೆ ಮೂರು ಅಭಿಪ್ರಾಯಗಳಲ್ಲಿ ಎರಡಾದರೂ ಒಂದಾಗುವ ಸಂಭವವಿದೆ. ಕತ್ತರಿಸುವ ಕೆಲಸವನ್ನು ಮುಂದಿನ ವರ್ಷವೂ ಮಾಡಬಹುದು. ಕತ್ತರಿಸಿದ್ದನ್ನು ಎಂದಿಗೂ ಮೊದಲಿನಂತೆ ಕೂಡಿಸಲಾಗದು.