ಅವಳಿ ಮಕ್ಕಳು: ಯಾರ ಮನೆತನದ ಬಳುವಳಿ?

ಕಳೆದ ಗೌರಿ ಹಬ್ಬದಂದು ನೆರೆಮನೆಯವರು ನಮ್ಮನ್ನು ಕರೆದಿದ್ದರು. ಮದುವೆಯಾಗಿ ಎರಡು ವರ್ಷಗಳಾಗಿದ್ದ ಅವರ ಮಗಳು ತವರಿಗೆ ಬಂದಿದ್ದಳು; ಅವಳಿಗೆ ಆಗ ಎರಡು ತಿಂಗಳು ತುಂಬಿ ಮೂರು ನಡೆಯುತ್ತಿದ್ದಿತು. ತಾಂಬೂಲದ ತಟ್ಟೆಯಲ್ಲಿದ್ದ ಬಾಳೆಹಣ್ಣುಗಳಲ್ಲಿ ಒಂದು ಜೋಡಿಹಣ್ಣು. ಹುಡುಗಿ ಅದಕ್ಕೆ ಕೈಹಾಕುವಷ್ಟರಲ್ಲಿ, ಎಂಬತ್ತು ದಾಟಿದ ಅಜ್ಜಿ ಥಟ್ಟನೆ ಅದನ್ನೆತ್ತಿ ಪಕ್ಕಕ್ಕಿಟ್ಟರು.

“ಅದು ಬೇಡವೇ ಮಗು, ಬಸುರಿಯರು ತಿನ್ನಬಾರದು. ಅವಳಿಯಾಗುತ್ತವೆ.”

ಕುಳಿತವರೆಲ್ಲ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಅದಕ್ಕೆ ಕಾರಣವುಂಟು. ಅರವತ್ತು ವರ್ಷಗಳ ಹಿಂದೆ ಅವರು ಅವಳಿ ಮಕ್ಕಳನ್ನು ಹೆತ್ತಿದ್ದರು. ಗಂಡುಮಗು ಬದುಕಿ ಬೆಳೆದು ಈಗ ಆ ಮನೆಯ ಯಜಮಾನರಾಗಿದ್ದಾರೆ. ಜೊತೆಗೆ ಹುಟ್ಟಿದ ಹೆಣ್ಣುಮಗು ಹತ್ತು ದಿನವೂ ಉಳಿಯಲಿಲ್ಲ. ‘ಬಸುರಿಯಾಗಿದ್ದಾಗ ಜೋಡಿಹಣ್ಣು ತಿಂದಳು’ ಎಂದು ಅಂದು ಅತ್ತೆಯ ಮನೆಯಲ್ಲಿ ಯಾರೋ ಆಡಿದ ಮಾತು ಅಜ್ಜಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಮರುದಿನ ಹುಡುಗಿ ನಮ್ಮ ಮನೆಗೆ ಬಂದು ಮೆಲ್ಲನೆ ಕೇಳಿದಳು: “ಹಣ್ಣಿನ ಮಾತು ಹಾಗಿರಲಿ. ನಮ್ಮ ತಂದೆಯೇ ಅವಳಿಯಲ್ಲವೇ? ನನಗೂ ಅವಳಿಯಾಗಬಹುದೇ? ಒಂದು ತಲೆಮಾರು ಬಿಟ್ಟು ಮತ್ತೊಂದು ತಲೆಮಾರಿನಲ್ಲಿ ಬರುತ್ತದೆಂದು ಹೇಳುತ್ತಾರಲ್ಲ, ಅದು ನಿಜವೇ?”

ಇದು ಅವಳೊಬ್ಬಳ ಪ್ರಶ್ನೆಯಲ್ಲ. ವಂಶದಲ್ಲಿ ಅವಳಿಗಳಿರುವ ಮನೆಗಳಲ್ಲೆಲ್ಲ ಒಮ್ಮೆಯಾದರೂ ಏಳುವ ಪ್ರಶ್ನೆ. ವಿಜ್ಞಾನವು ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನೇ ಕೊಡುತ್ತದೆ.

ಅವಳಿಗಳಲ್ಲಿ ಎರಡು ಬಗೆ

ಮೊದಲು ತಿಳಿಯಬೇಕಾದುದು, ಅವಳಿಗಳೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು. ಸಾಮಾನ್ಯವಾಗಿ ಹೆಣ್ಣಿನ ಅಂಡಾಶಯದಿಂದ ತಿಂಗಳಿಗೊಂದು ಅಂಡ ಹೊರಬರುತ್ತದೆ. ಅದು ಫಲಿತವಾದ ಮೇಲೆ ಮೊದಲ ಕೆಲವು ದಿನಗಳಲ್ಲಿ ಯಾವುದೋ ಕಾರಣದಿಂದ ಇಬ್ಭಾಗವಾಗಿ, ಒಂದೊಂದು ಭಾಗವೂ ಒಂದೊಂದು ಶಿಶುವಾಗಿ ಬೆಳೆಯುವುದುಂಟು. ಇವರು ಒಂದೇ ಅಂಡದ ಅವಳಿಗಳು. ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣು; ರೂಪದಲ್ಲಿ ತದ್ವತ್ ಒಂದೇ ಅಚ್ಚು.

ಕೆಲವೊಮ್ಮೆ ಒಂದೇ ತಿಂಗಳಲ್ಲಿ ಎರಡು ಅಂಡಗಳು ಹೊರಬಂದು, ಎರಡೂ ಬೇರೆ ಬೇರೆ ವೀರ್ಯಾಣುಗಳಿಂದ ಫಲಿತವಾಗುತ್ತವೆ. ಇವರು ಎರಡು ಅಂಡಗಳ ಅವಳಿಗಳು. ಹುಟ್ಟಿದ ಗಳಿಗೆ ಒಂದಾದರೂ ಇವರ ಹೋಲಿಕೆ ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೋಲಿಕೆಗಿಂತ ಹೆಚ್ಚಿನದಲ್ಲ. ಒಂದು ಗಂಡು, ಒಂದು ಹೆಣ್ಣು ಆಗಿರುವ ಜೋಡಿಗಳು ಈ ಗುಂಪಿಗೆ ಸೇರಿದವು. ನಮ್ಮ ಅಜ್ಜಿಯ ಮಕ್ಕಳು ಈ ಬಗೆಯವರೆಂಬುದನ್ನು ವಾಚಕರು ಈಗಾಗಲೇ ಊಹಿಸಿರಬಹುದು.

ಒಂದೇ ಅಂಡದ ಅವಳಿಗಳು ಸಾವಿರ ಹೆರಿಗೆಗಳಲ್ಲಿ ಸುಮಾರು 4. ಜಗತ್ತಿನ ಯಾವ ದೇಶದಲ್ಲಿ ಎಣಿಸಿದರೂ ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ. ಇದು ಸಾಮಾನ್ಯವಾಗಿ ವಂಶದಿಂದ ಬರುವುದಲ್ಲ. ಅಚ್ಚಿನಂತಿರುವ ಅವಳಿ ಅಕ್ಕತಂಗಿಯರಿಗೆ ಮುಂದೆ ಅವಳಿಗಳಾಗುವ ಸಂಭವ ಇತರರಿಗಿಂತ ವಿಶೇಷವಾಗಿ ಹೆಚ್ಚೇನಲ್ಲ.

ವಂಶದ ಮಾತು ಬರುವುದು ಎರಡನೆಯ ಬಗೆಯಲ್ಲಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಒಂದು ಹಾರ್ಮೋನು ಅಂಡಾಶಯದಲ್ಲಿ ಅಂಡವನ್ನು ಬಲಿಯಿಸುತ್ತದೆ. ಈ ಹಾರ್ಮೋನು ಹೆಚ್ಚಾಗಿದ್ದರೆ ಅಥವಾ ಅಂಡಾಶಯವು ಅದಕ್ಕೆ ಹೆಚ್ಚು ಚುರುಕಾಗಿ ಸ್ಪಂದಿಸಿದರೆ, ಒಂದರ ಬದಲು ಎರಡು ಅಂಡಗಳು ಬಲಿಯುವ ಸಂಭವವುಂಟು. ಈ ಸ್ವಭಾವ ಭಾಗಶಃ ಹುಟ್ಟಿನಿಂದಲೇ ಬರುವಂಥದು. 2016ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಒಟ್ಟಾಗಿ, ಅವಳಿ ಹೆತ್ತ ತಾಯಂದಿರನ್ನು ಪರೀಕ್ಷಿಸಿ, ಇದಕ್ಕೆ ಸಂಬಂಧಿಸಿದ ಎರಡು ಜೀನುಗಳನ್ನು ಗುರುತಿಸಿದರು. ಒಂದು ಆ ಹಾರ್ಮೋನಿನ ಉತ್ಪತ್ತಿಗೆ ಸಂಬಂಧಿಸಿದ್ದು. ಮತ್ತೊಂದು ಅಂಡಾಶಯವು ಅದಕ್ಕೆ ಸ್ಪಂದಿಸುವ ಬಗೆಗೆ ಸಂಬಂಧಿಸಿದ್ದು.

ಮಾದ್ರಿಯ ಮಕ್ಕಳು, ತಂದೆಯ ಪಾಲು

ಮಹಾಭಾರತದಲ್ಲಿ ಮಾದ್ರಿಯು ಕುಂತಿಯಿಂದ ಪಡೆದ ಮಂತ್ರಬಲದಿಂದ ಅಶ್ವಿನೀದೇವತೆಗಳನ್ನು ಆಹ್ವಾನಿಸಿದಳು. ಅವರು ಸ್ವತಃ ಅವಳಿಗಳು. ಹುಟ್ಟಿದ ನಕುಲ ಸಹದೇವರೂ ಅವಳಿಗಳು. ತಂದೆ ಅವಳಿಯಾದರೆ ಮಕ್ಕಳೂ ಅವಳಿಗಳೆಂಬ ನಂಬಿಕೆ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಮನುಷ್ಯರ ಲೆಕ್ಕ ಹಾಗಿಲ್ಲ.

1964ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಯೂಟಾ ಪ್ರಾಂತದಲ್ಲಿ ತಲೆಮಾರುಗಳಿಂದ ಜೋಪಾನವಾಗಿಟ್ಟಿದ್ದ ವಂಶಾವಳಿಗಳನ್ನು ಪರಿಶೀಲಿಸಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಎರಡು ಅಂಡಗಳ ಅವಳಿಯಾಗಿ ಹುಟ್ಟಿದ ಹೆಂಗಸರು ತಾವು ಹೆತ್ತಾಗ, ಸಾವಿರ ಹೆರಿಗೆಗಳಲ್ಲಿ ಸುಮಾರು 17 ಅವಳಿಗಳಾದವು. ಅದೇ ರೀತಿ ಹುಟ್ಟಿದ ಗಂಡಸರ ಹೆಂಡಂದಿರಿಗೆ ಸಾವಿರದಲ್ಲಿ ಕೇವಲ 8. ಕಾರಣ ಸರಳವಾಗಿದೆ: ಎರಡು ಅಂಡಗಳನ್ನು ಬಲಿಯಿಸಬೇಕಾದುದು ಹೆಂಡತಿಯ ದೇಹ, ಅದರ ಮೇಲೆ ಗಂಡನ ವಂಶದ ಅಧಿಕಾರ ನಡೆಯದು.

ಹಾಗೆಂದು ತಂದೆಯ ಪಾತ್ರವೇ ಇಲ್ಲವೆನ್ನುವಂತಿಲ್ಲ. ಗಂಡಸು ಆ ಜೀನುಗಳನ್ನು ತನ್ನ ತಾಯಿಯಿಂದ ಪಡೆದಿರಬಹುದು. ತನ್ನ ಸಂಸಾರದಲ್ಲಿ ಅದರ ಸುಳಿವೂ ಕಾಣದೆ, ಅದನ್ನು ಮಗಳ ಕೈಗೆ ದಾಟಿಸಬಹುದು. ಅಜ್ಜಿಗೆ ಅವಳಿ, ಮಗನಿಗಿಲ್ಲ, ಮೊಮ್ಮಗಳಿಗೆ ಅವಳಿ! ‘ಒಂದು ತಲೆಮಾರು ಬಿಟ್ಟು ಬರುತ್ತದೆ’ ಎಂಬ ಮಾತು ಹುಟ್ಟಿದ್ದು ಬಹುಶಃ ಹೀಗೆ. ನಡುವಿನ ತಲೆಮಾರಿನಲ್ಲಿ ಮಗಳಿದ್ದರೆ ಬಿಡದೆಯೂ ಬರಬಹುದು. ಬಿಟ್ಟು ಬರಬೇಕೆಂಬ ನಿಯಮವೇನೂ ಇಲ್ಲ.

ಇಲ್ಲಿ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಸಾವಿರದಲ್ಲಿ 17 ಎಂದರೆ ಉಳಿದ 983 ಹೆರಿಗೆಗಳಲ್ಲಿ ಅವಳಿಯಿಲ್ಲವೆಂದೇ ಅರ್ಥ. ವಂಶದ ಇತಿಹಾಸವು ಸಂಭವವನ್ನು ಹೆಚ್ಚಿಸುತ್ತದೆಯೇ ಹೊರತು ಭವಿಷ್ಯವನ್ನು ನುಡಿಯುವುದಿಲ್ಲ.

ವಂಶವೊಂದೇ ಕಾರಣವಲ್ಲ

ತಾಯಿಯ ವಯಸ್ಸೂ ಇದರಲ್ಲಿ ಸೇರುತ್ತದೆ. ಮೂವತ್ತೈದು ದಾಟಿದ ಮೇಲೆ ಮೇಲೆ ಹೇಳಿದ ಹಾರ್ಮೋನು ಏರುವುದರಿಂದ, ನಲವತ್ತರ ಒಳಗೆ ಈ ಸಂಭವ ತುದಿಮುಟ್ಟುತ್ತದೆ. ಹಲವು ಬಾರಿ ಹೆತ್ತವರಲ್ಲಿ, ಎತ್ತರದ ಹಾಗೂ ಮೈತುಂಬಿದ ಹೆಂಗಸರಲ್ಲಿ ಅವಳಿಗಳು ತುಸು ಹೆಚ್ಚು. ನಾಡಿನಿಂದ ನಾಡಿಗೂ ವ್ಯತ್ಯಾಸವುಂಟು. ನೈಜೀರಿಯದ ಯೊರುಬಾ ಜನರಲ್ಲಿ ಸಾವಿರ ಹೆರಿಗೆಗಳಿಗೆ 40ಕ್ಕೂ ಹೆಚ್ಚು ಅವಳಿಗಳನ್ನು ಎಣಿಸಿದವರಿದ್ದಾರೆ. ಭಾರತದಲ್ಲಿ ಅದರ ಕಾಲುಭಾಗವೂ ಕಷ್ಟ. ಆದರೂ ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಎಂಬ ಹಳ್ಳಿಯಲ್ಲಿ 2008ರ ಎಣಿಕೆಯಲ್ಲಿ 200ಕ್ಕೂ ಹೆಚ್ಚು ಜೋಡಿಗಳು ಸಿಕ್ಕಿ, ಅದು ಜಗತ್ತಿನ ಕುತೂಹಲವನ್ನೇ ಸೆಳೆಯಿತು. ಅಲ್ಲಿಯ ಕಾರಣ ಇಂಥದೇ ಎಂದು ಇನ್ನೂ ನಿರ್ಣಯವಾಗಿಲ್ಲ.

ಈಚಿನ ದಶಕಗಳಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದುದು ಸಂತಾನಚಿಕಿತ್ಸೆ. ಅಂಡಾಶಯವನ್ನು ಪ್ರಚೋದಿಸುವ ಔಷಧಿಗಳಿಂದ ಹಲವು ಅಂಡಗಳು ಒಟ್ಟಿಗೆ ಬಲಿಯುತ್ತವೆ. ಪ್ರನಾಳದಲ್ಲಿ ಫಲಿತವಾದ ಭ್ರೂಣಗಳನ್ನು ಗರ್ಭಕೋಶದಲ್ಲಿ ಎರಡೆರಡು ಇರಿಸಿದಾಗಲೂ ಅವಳಿಗಳಾಗುತ್ತವೆ. 1980ರ ದಶಕದಲ್ಲಿ ಜಗತ್ತಿನಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು 9 ಇದ್ದ ಅವಳಿಗಳ ಪ್ರಮಾಣ 12ಕ್ಕೆ ಏರಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆದುದರಿಂದ ವಂಶದಲ್ಲಿ ಅವಳಿಗಳಿರುವವರು ಇಂಥ ಚಿಕಿತ್ಸೆಗೆ ಹೋದಾಗ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಮೇಲು.

ಇನ್ನು ಜೋಡಿಹಣ್ಣಿನ ವಿಚಾರ. ಬಾಳೆಯ ಗೊನೆಯಲ್ಲಿ ಎರಡು ಕಾಯಿಗಳು ಅಂಟಿ ಬೆಳೆಯುವುದಕ್ಕೂ ಹೆಣ್ಣಿನ ಅಂಡಾಶಯಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲದೆ, ಬಸುರಾದ ಮೇಲೆ ಏನು ತಿಂದರೂ ಎರಡು ಅಂಡಗಳಾಗುವ ಕಾಲ ಆಗಲೇ ಕಳೆದಿರುತ್ತದೆ.

ತಿಳಿದಿರಬೇಕಾದುದೇಕೆ?

ಅವಳಿಗಳ ಬಸಿರು ಸಂತೋಷದ ಜೊತೆಗೆ ಎಚ್ಚರವನ್ನೂ ಬೇಡುತ್ತದೆ. ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರಗಳು ತುಂಬುವ ಮೊದಲೇ ಹುಟ್ಟುತ್ತವೆ, ತೂಕವೂ ಕಡಿಮೆ. ತಾಯಿಗೆ ರಕ್ತಹೀನತೆ, ರಕ್ತದ ಒತ್ತಡ ಕಾಡುವುದು ಹೆಚ್ಚು. 14 ವಾರಗಳೊಳಗೆ ಸ್ಕ್ಯಾನ್ ಮಾಡಿಸಿದರೆ ಎಷ್ಟು ಮಕ್ಕಳೆಂಬುದಷ್ಟೇ ಅಲ್ಲ, ಇಬ್ಬರಿಗೂ ಮಾಸು ಒಂದೇ ಇದೆಯೋ ಬೇರೆ ಬೇರೆ ಇದೆಯೋ ಎಂಬುದೂ ತಿಳಿಯುತ್ತದೆ. ಒಂದೇ ಮಾಸನ್ನು ಹಂಚಿಕೊಂಡಿದ್ದರೆ ಒಂದು ಶಿಶುವಿನ ರಕ್ತ ಮತ್ತೊಂದಕ್ಕೆ ಹರಿಯುವ ಅಪಾಯವಿರುವುದರಿಂದ, 16ನೆಯ ವಾರದಿಂದ ಎರಡು ವಾರಗಳಿಗೊಮ್ಮೆ ಪರೀಕ್ಷೆಯಾಗಬೇಕು. ಹೆರಿಗೆಯನ್ನು ಶಿಶುತಜ್ಞರೂ ನವಜಾತ ಶಿಶುಗಳ ಆರೈಕೆಯ ವ್ಯವಸ್ಥೆಯೂ ಇರುವ ಆಸ್ಪತ್ರೆಯಲ್ಲೇ ಮಾಡಿಸಬೇಕು. ಅರವತ್ತು ವರ್ಷಗಳ ಹಿಂದೆ ಕೈಬಿಡುತ್ತಿದ್ದಂಥ ಎಷ್ಟೋ ಎಳೆಯ ಜೀವಗಳು ಇಂದು ಇಂಥ ಆರೈಕೆಯಿಂದ ಉಳಿಯುತ್ತಿವೆ.

ಇದನ್ನೆಲ್ಲ ಹುಡುಗಿಗೆ ಹೇಳುತ್ತಿದ್ದಾಗ ಅಜ್ಜಿಯೂ ಬಾಗಿಲಲ್ಲಿ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಮಾತು ಕೇಳಿದರು:

“ಹಾಗಾದರೆ, ನಾನು ಹಣ್ಣು ತಿಂದಿದ್ದರಿಂದ ಅಲ್ಲವೇನಪ್ಪ?”

“ಅಲ್ಲ ಅಜ್ಜಿ. ಅದು ನಿಮ್ಮ ತಪ್ಪೇ ಅಲ್ಲ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ಒಳಕ್ಕೆ ಬಂದು ಕುಳಿತರು.

ಮುಂದಿನ ವಾರ ಸ್ಕ್ಯಾನ್ ಆಯಿತು. ಒಂದೇ ಮಗು; ಕ್ಷೇಮವಾಗಿದೆ. ಸುದ್ದಿ ತಿಳಿಸಲು ಬಂದ ಅಜ್ಜಿಯ ಮುಖದಲ್ಲಿ ನಗೆಯಿತ್ತು.

“ನೀವು ಏನೇ ಹೇಳಿ, ಅವತ್ತು ಆ ಹಣ್ಣು ತೆಗೆದಿಟ್ಟಿದ್ದು ಒಳ್ಳೆಯದೇ ಆಯಿತು!”