ಹೂವಿನ ಊರು ಪೆಲ್ಲಾ

ಅಮೆರಿಕದ ಅಯೋವಾ ರಾಜ್ಯದಲ್ಲಿ ಪೆಲ್ಲಾ ಅಂತ ಒಂದು ಸಣ್ಣ ಊರಿದೆ. ಹಾಲೆಂಡ್ ದೇಶದಿಂದ ಹೋದ ಜನ 1847ರಲ್ಲಿ ಕಟ್ಟಿದ ಊರು ಅದು.

ಹಾಲೆಂಡಿನವರಿಗೆ ಟ್ಯೂಲಿಪ್ ಹೂ ಬಲು ಇಷ್ಟ. ಬಟ್ಟಲಿನಂಥ ಹೂ ಅದು. ಗೆಡ್ಡೆಯಿಂದ ಬರುತ್ತದೆ. ಚಳಿಗಾಲಕ್ಕೆ ಮೊದಲೇ ಗೆಡ್ಡೆ ನೆಡಬೇಕು.

1935ರಲ್ಲಿ ಊರವರು ಹೂವಿನ ಹಬ್ಬ ಮಾಡಲು ಹೊರಟರು. ಗೆಡ್ಡೆ ನೆಡುವ ಕಾಲ ಮೀರಿತ್ತು. ಸುಮ್ಮನೆ ಕೂತರಾ? ಇಲ್ಲ. ಮರದಲ್ಲೇ ಹೂ ಮಾಡಿ ನಿಲ್ಲಿಸಿದರು!

ಆಮೇಲೆ ಗೆಡ್ಡೆ ನೆಟ್ಟರು. ಈಗ ಮೇ ತಿಂಗಳ ಹಬ್ಬಕ್ಕೆ ಪಾರ್ಕಿನಲ್ಲಿ, ಬೀದಿಯಲ್ಲಿ ಹೂವೋ ಹೂವು. ಮೆರವಣಿಗೆಗೆ ಮೊದಲು ಹೆಂಗಸರು, ಗಂಡಸರು ಕೂಡಿ ಬೀದಿ ತೊಳೆಯುತ್ತಾರೆ.

ದುಡಿಯುವ ನಮಗೂ ಕೂತು ನಗಲು ಒಂದು ಜಾಗ ಬೇಕಲ್ಲವೇ? ಅಂಗಳ ಗುಡಿಸುವ ಕೈ ನಮ್ಮದು. ಹತ್ತು ಕೈ ಸೇರಿದರೆ ಊರೂ ನಮ್ಮ ಅಂಗಳವೇ.